ರಜೆಗೆ ಊರಿಗೆ ಬಂದ ಮಕ್ಕಳು ಗುಡ್ಡ ಹತ್ತಲ್ಲ ಅಂದ್ರೆ

ಓದುಗರ ಪ್ರಶ್ನೆ: ನಾವು ಶಿರಸಿ ಕಡೆಯವರು. ಹನ್ನೊಂದು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿದ್ದೇವೆ. ಮಗಳಿಗೆ 16, ಮಗನಿಗೆ 13. ನನಗೂ ನನ್ನ ಹೆಂಡತಿಗೂ ಗುಡ್ಡ ನಡೆಯೋದೆಂದರೆ ಪ್ರಾಣ. ಮಕ್ಕಳಿಗೆ ಆಗಲ್ಲ. ಕಳೆದ ಅಕ್ಟೋಬರ್ ರಜೆಯಲ್ಲಿ ಬ್ಲ್ಯಾಕ್ ಫಾರೆಸ್ಟಿನ ಫೆಲ್ಡ್‌ಬರ್ಗ್ ಗುಡ್ಡಕ್ಕೆ ಹೋಗಿದ್ದೆವು. ಇಳಿಯುವಾಗ ಮಗ ಮಂಡಿ ನೋವು ಅಂತ ದಾರಿಯಲ್ಲೇ ಕೂತುಬಿಟ್ಟ. ವಾರಕ್ಕೆ ಮೂರು ದಿನ ಫುಟ್‌ಬಾಲ್ ಆಡುವವನಿಗೆ ಆಗ ಬಾರದ ನೋವು ಈಗ ಹೇಗೆ ಬಂತು? ಮಗಳು ಇಡೀ ದಿನ ಕಿವಿಯಿಂದ ಇಯರ್‌ಫೋನ್ ತೆಗೆಯಲಿಲ್ಲ. ಅಲ್ಲಿನ ಶಾಲೆಗಳಲ್ಲಿ ಇಡೀ ಕ್ಲಾಸು ಒಟ್ಟಿಗೆ ನಡೆಯಲು ಹೋಗುವ ದಿನ ಅಂತ ಇರುತ್ತದೆ, ವಾಂಡರ್‌ಟಾಗ್ ಅನ್ನುತ್ತಾರೆ. ಅದಕ್ಕೆ ಮಾತ್ರ ಇದೇ ಹುಡುಗಿ ನಗುನಗುತ್ತಾ ಹೋಗಿ 14 ಕಿಲೋಮೀಟರ್ ನಡೆದು ಬಂದಿದ್ದಳು. ಈ ಡಿಸೆಂಬರಿನಲ್ಲಿ ಎರಡು ವಾರಕ್ಕೆ ಊರಿಗೆ ಬರುತ್ತಿದ್ದೇವೆ. ಬಂದ ಮೂರನೇ ದಿನ ಬೆಳಿಗ್ಗೆ 5ಕ್ಕೆ ಮನೆ ಬಿಟ್ಟು, ಕುಮಟಾದಿಂದ ಗೋಕರ್ಣಕ್ಕೆ ದಡದ ಮೇಲೆ ಎರಡು ದಿನದ ನಡಿಗೆ, ರಾತ್ರಿ ಟೆಂಟು. ಆಮೇಲೆ ಯಾಣದ ಬಂಡೆ ಶಿಖರಗಳು, ವಿಭೂತಿ ಮತ್ತು ಉಂಚಳ್ಳಿ ಜಲಪಾತ. ಕಾಲೇಜಿನಲ್ಲಿದ್ದಾಗ ಗೆಳೆಯರ ಜೊತೆ ನಾನು ನಡೆದ ದಾರಿಗಳಿವು. ಇದನ್ನೆಲ್ಲ ಒಮ್ಮೆ ನೋಡಿದರೆ ಊರಿನ ಮೇಲೆ ಪ್ರೀತಿ ಹುಟ್ಟುತ್ತದೆ ಅಂತ ನನ್ನ ಆಸೆ. ವಿಷಯ ಹೇಳಿದ ಕೂಡಲೇ ಇಬ್ಬರೂ ‘ನೀವು ಹೋಗಿ, ನಾವು ಅಜ್ಜನ ಮನೆಯಲ್ಲೇ ಇರ್ತೇವೆ’ ಅಂದುಬಿಟ್ಟರು. ಒತ್ತಾಯ ಮಾಡಲೇ? ಮಗನಿಗೆ ಡ್ರೋನ್ ಕೊಡಿಸಿ ಒಪ್ಪಿಸಲೇ? ಫೋನು ಕಿತ್ತಿಟ್ಟುಕೊಳ್ಳಲೇ? ಹೊರದೇಶದಲ್ಲಿ ಬೆಳೆಸಿದ್ದೇ ತಪ್ಪಾಯಿತಾ?

ತಜ್ಞರ ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದ ಮೂರು ಹುಟ್ಟಿದ್ದು ಅದರಿಂದಲೇ ಅಂತ ನನ್ನ ಅಂದಾಜು.

ನಾನು ಮಕ್ಕಳ ವೈದ್ಯ. ಹುಟ್ಟಿದ್ದು ಕುಮಟಾದಲ್ಲಿ, 22 ವರ್ಷದಿಂದ ಇರೋದು ಶಿರಸಿಯಲ್ಲಿ. ಡಿಸೆಂಬರ್ ಬಂತೆಂದರೆ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ದುಬೈ, ಡಲ್ಲಾಸ್, ಸಿಡ್ನಿಯ ಮಕ್ಕಳು ಕೂತಿರುತ್ತಾರೆ. ಪಕ್ಕದಲ್ಲೇ ಇಲ್ಲೇ ಹುಟ್ಟಿ ಬೆಳೆದವರೂ ಇರುತ್ತಾರೆ. ‘ಯಲ್ಲಾಪುರದಲ್ಲಿ ಮನೆ ಇಟ್ಟುಕೊಂಡು ಮಾಗೋಡು ಜಲಪಾತಕ್ಕೆ ಬಾ ಅಂದ್ರೆ ಬರಲ್ಲ ಡಾಕ್ಟ್ರೇ’ ಅನ್ನುವ ದೂರು ನನಗೆ ಹೊಸದಲ್ಲ. ಹದಿಮೂರರ ಹುಡುಗನಿಗೆ ಅಪ್ಪ ಅಮ್ಮನ ಹಿಂದೆ ಗುಡ್ಡ ಹತ್ತೋದು ಸ್ಟುಟ್‌ಗಾರ್ಟಿನಲ್ಲೂ ಬೇಜಾರು, ಸಿದ್ದಾಪುರದಲ್ಲೂ ಬೇಜಾರು. ಹಾಗಾಗಿ ಆ ಅಪರಾಧಿ ಭಾವನೆಯನ್ನು ಅಲ್ಲೇ ಬಿಟ್ಟು ವಿಮಾನ ಹತ್ತಿ. ಅದು ಲಗೇಜಿಗಿಂತ ಜಾಸ್ತಿ ಭಾರ.

ಈಗ ನಿಮ್ಮ ಪತ್ರದ ಒಂದು ಸಾಲನ್ನು ನೀವೇ ಇನ್ನೊಮ್ಮೆ ಓದಿ. ಮಕ್ಕಳು ಹೇಳಿದ್ದು ‘ಊರಿಗೆ ಬರಲ್ಲ’ ಅಂತಲ್ಲ. ‘ಅಜ್ಜನ ಮನೆಯಲ್ಲೇ ಇರ್ತೇವೆ’ ಅಂತ. ಊರಿನ ಮೇಲೆ ಪ್ರೀತಿ ಹುಟ್ಟಿಸಬೇಕು ಅಂತ ಒದ್ದಾಡುತ್ತಿರುವ ಅಪ್ಪನಿಗೆ ಇದಕ್ಕಿಂತ ಒಳ್ಳೆ ಸುದ್ದಿ ಯಾವುದಿದೆ? ನಿಮಗೆ ಊರು ಅಂದರೆ ಇಪ್ಪತ್ತರ ವಯಸ್ಸು, ಗೆಳೆಯರು, ಆ ದಡ. ಅವರಿಗೆ ಊರು ಅಂದರೆ ಅಜ್ಜನ ಮನೆ ಜಗಲಿ, ಅಡಿಕೆ ಅಂಗಳ, ಅಜ್ಜಿ ಮಾಡಿಕೊಡುವ ತೆಳ್ಳೇವು. ಎರಡೂ ಊರೇ. ನಿಮ್ಮ ಊರನ್ನು ಅವರ ಕೈಗೆ ಕೊಡಲು ಹೋಗಿ ಅವರದನ್ನು ಕಿತ್ತುಕೊಳ್ಳಬೇಡಿ ಅನ್ನೋದಷ್ಟೇ ನನ್ನ ಮಾತು. ಇನ್ನು ಮುಂದೆ ಹೇಳೋದೆಲ್ಲ ಈ ಮಾತಿನ ವಿವರ, ಮತ್ತೆ ಒಂದಿಷ್ಟು ವೈದ್ಯಕೀಯ.

ಮೊದಲು ಮಗನ ಮಂಡಿ, ಯಾಕೆಂದರೆ ಅಲ್ಲಿ ನೀವು ಸ್ವಲ್ಪ ಅನ್ಯಾಯ ಮಾಡಿದ್ದೀರಿ. ಹದಿಮೂರು ವರ್ಷ, ಫುಟ್‌ಬಾಲ್, ಇಳಿಯುವಾಗ ನೋವು. ಈ ಮೂರು ಒಟ್ಟಿಗೆ ಬಂದರೆ ನನಗೆ ಮೊದಲು ನೆನಪಾಗೋದು ಓಸ್‌ಗುಡ್-ಶ್ಲಾಟರ್ ಅನ್ನುವ ತೊಂದರೆ. ಹೆಸರು ದೊಡ್ಡದು, ವಿಷಯ ಸಣ್ಣದು. ಈ ವಯಸ್ಸಿನಲ್ಲಿ ಮೂಳೆ ಸರಸರನೆ ಉದ್ದ ಆಗುತ್ತದೆ. ತೊಡೆಯ ಸ್ನಾಯು ಅಷ್ಟು ಬೇಗ ಉದ್ದ ಆಗುವುದಿಲ್ಲ. ಮಂಡಿಚಿಪ್ಪಿನ ಕೆಳಗೆ ಸ್ನಾಯುವಿನ ದಾರ ಬಂದು ಮೂಳೆಗೆ ಅಂಟಿಕೊಳ್ಳುವ ಜಾಗ ಇನ್ನೂ ಮೆತ್ತಗಿರುತ್ತದೆ. ಓಡಿದಾಗ, ಜಿಗಿದಾಗ, ಇಳಿಜಾರು ಇಳಿದಾಗ ಆ ಜಾಗದ ಮೇಲೆ ಎಳೆತ ಬೀಳುತ್ತದೆ. ಫುಟ್‌ಬಾಲ್ ಆಡುವಾಗ ನೋವಿಲ್ಲ, ಗುಡ್ಡ ಇಳಿಯುವಾಗ ಇದೆ ಅಂದರೆ ಅದು ಸುಳ್ಳಾಗಬೇಕಿಲ್ಲ. ಆಟದ ಹುರುಪಿನಲ್ಲಿ ಗೊತ್ತಾಗಿರುವುದಿಲ್ಲ, ರಾತ್ರಿ ಕೂತಾಗ ಒತ್ತಿ ನೋಡಿಕೊಳ್ಳುತ್ತಿರುತ್ತಾನೆ. ಕೇಳಿ ನೋಡಿ. ಮಂಡಿಚಿಪ್ಪಿನಿಂದ ಎರಡು ಬೆರಳು ಕೆಳಗೆ ಒಂದು ಗಂಟು ಸಿಗುತ್ತದೆಯಾ, ಒತ್ತಿದರೆ ‘ಆ’ ಅನ್ನುತ್ತಾನಾ ಅಂತ ನೋಡಿ. ಹೌದಾದರೆ ಗಾಬರಿ ಬೇಡ. ಬೆಳವಣಿಗೆ ಮುಗಿದ ಮೇಲೆ ತಾನಾಗಿ ಹೋಗುತ್ತದೆ. ನಡೆಯಬಹುದು, ನೋವು ತಡೆಯುವಷ್ಟು ಮಾತ್ರ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಅನ್ನೋದನ್ನು ಲೆಕ್ಕದಲ್ಲಿಡಿ. ಸಂಜೆ ಹತ್ತು ನಿಮಿಷ ಐಸ್ ಇಟ್ಟರೆ ಹಿತ.

ಆದರೆ ಒಂದು ಎಚ್ಚರಿಕೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಮಂಡಿಯ ಊತ, ಜ್ವರ, ಕುಂಟು ನಡಿಗೆ ಇದ್ದರೆ ಇದು ಬೇರೆ ವಿಷಯ. ಈ ವಯಸ್ಸಿನಲ್ಲಿ ಸೊಂಟದ ಕೀಲಿನ ತೊಂದರೆ ಕೂಡ ಮಂಡಿಯಲ್ಲಿ ನೋವಾಗಿ ಕಾಣುತ್ತದೆ. ಅದನ್ನು ತಡ ಮಾಡಬಾರದು, ಊರಿಗೆ ಬರುವ ಮೊದಲೇ ಅಲ್ಲಿ ಒಂದು ಎಕ್ಸ್‌ರೇ ಮಾಡಿಸಿ.

ಇನ್ನು ಬೆಳಿಗ್ಗೆ 5 ಗಂಟೆ. ಇದನ್ನು ಓದಿ ನನಗೆ ನಗು ಬಂತು, ಕ್ಷಮಿಸಿ. ಚಳಿಗಾಲದಲ್ಲಿ ಸ್ಟುಟ್‌ಗಾರ್ಟು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. 5ಕ್ಕೆ ಹೊರಡಬೇಕಾದರೆ 4ಕ್ಕೆ ಏಳಬೇಕು. ಆಗ ಅಲ್ಲಿ ಹಿಂದಿನ ದಿನದ ರಾತ್ರಿ ಹನ್ನೊಂದೂವರೆ. ಪೂರ್ವಕ್ಕೆ ಹಾರಿದಾಗ ದೇಹದ ಗಡಿಯಾರ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಷ್ಟೇ ಮುಂದಕ್ಕೆ ಸರಿಯುತ್ತದೆ. ಅಂದರೆ ಮೂರನೇ ದಿನ ನೀವು ಎಬ್ಬಿಸುವಾಗ ಮಗಳ ದೇಹಕ್ಕೆ ರಾತ್ರಿ ಒಂದೂವರೆ ಆಗಿರುತ್ತದೆ. ಅದರ ಮೇಲೆ ಹದಿಹರೆಯದ ಲೆಕ್ಕ ಬೇರೆ ಇದೆ. ಈ ವಯಸ್ಸಿನಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ದೊಡ್ಡವರಿಗಿಂತ ತಡವಾಗಿ ಸುರಿಯಲು ಶುರುವಾಗುತ್ತದೆ. ತಡವಾಗಿ ಮಲಗಿ ತಡವಾಗಿ ಏಳೋದು ಅವರ ಸೋಮಾರಿತನವಲ್ಲ, ಅವರ ರಕ್ತದಲ್ಲಿ ನಡೆಯುತ್ತಿರುವ ಕೆಲಸ. ಬೇಕಾದ್ದು 8ರಿಂದ 10 ಗಂಟೆ ನಿದ್ದೆ. ನೀವು ನಡುರಾತ್ರಿ ಎಬ್ಬಿಸಿ ‘ಸೂರ್ಯೋದಯ ನೋಡು’ ಅಂದರೆ ಅವಳು ನಿಮ್ಮ ಮುಖವನ್ನೂ ನೋಡಲಾರಳು.

ಮೊದಲ ಎರಡು ಮೂರು ದಿನ ಮಲಗಲು ಬಿಡಿ. ಹತ್ತು ಗಂಟೆ ನಂತರ ಅಂಗಳದ ಬಿಸಿಲಿಗೆ ಬರಲಿ. ಪೂರ್ವಕ್ಕೆ ಬಂದವರಿಗೆ ಆ ಹೊತ್ತಿನ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ. ನಸುಕಿನ ಬೆಳಕು ಮೊದಲ ದಿನಗಳಲ್ಲಿ ಉಲ್ಟಾ ಕೆಲಸ ಮಾಡಬಹುದು. ನಮ್ಮ ಅಜ್ಜಿಯಂದಿರು ‘ಬೆಳಗಾಗುತ್ತಲೇ ಏಳಿಸು, ಸರಿ ಹೋಗ್ತದೆ’ ಅನ್ನುತ್ತಾರೆ. ಈ ಒಂದು ವಿಷಯದಲ್ಲಿ ಅಜ್ಜಿ ಮಾತು ಕೇಳಬೇಡಿ. ಬೇರೆ ಎಲ್ಲದರಲ್ಲಿ ಕೇಳಿ.

ಸೆಖೆಯದ್ದೂ ಇದೇ ಕಥೆ. ಡಿಸೆಂಬರಿನಲ್ಲಿ ಶಿರಸಿಯಲ್ಲಿ ಬೆಳಿಗ್ಗೆ ಸ್ವೆಟರ್ ಬೇಕು. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ ಬನಿಯನ್ ಒದ್ದೆ. ಕರಾವಳಿಯಲ್ಲಿ ಮಧ್ಯಾಹ್ನ 32 ಡಿಗ್ರಿ ಆಸುಪಾಸು, ಜೊತೆಗೆ ತೇವ. ಚಳಿ ದೇಶದಿಂದ ಬಂದ ದೇಹ ಈ ಸೆಖೆಗೆ ಪೂರ್ತಿ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ನಿಮ್ಮ ರಜೆ ಇರೋದೇ ಅಷ್ಟು. ಕುಮಟಾ-ಗೋಕರ್ಣ ದಾರಿ ಇಪ್ಪತ್ತು ಕಿಲೋಮೀಟರಿಗೂ ಮೇಲೆ. ಅರ್ಧ ಮರಳು, ಅರ್ಧ ಮುರಕಲ್ಲಿನ (ಜಂಬಿಟ್ಟಿಗೆಯ) ದಿಬ್ಬ. ದಿಬ್ಬದ ಮೇಲೆ ನೆರಳಿಗೆ ಒಂದು ಗಿಡ ಸಿಕ್ಕರೆ ಪುಣ್ಯ. ನೀವು ಇಪ್ಪತ್ತರಲ್ಲಿ ನಡೆದಿರಿ, ಸರಿ. ಆಗ ನೀವು ಇಲ್ಲೇ ಇದ್ದಿರಿ, ಇದೇ ಗಾಳಿ ಕುಡಿದಿದ್ದಿರಿ. ಮೂರನೇ ದಿನಕ್ಕೆ ಆ ನಡಿಗೆ ನಿಮಗೂ ಬೇಡ ಅನ್ನುತ್ತೇನೆ, ಮಕ್ಕಳ ಮಾತು ಬಿಡಿ.

ಈಗ ಮಗಳು. ಅವಳ ವಾಂಡರ್‌ಟಾಗ್ ಬಗ್ಗೆ ಬರೆದಾಗ ನಿಮಗೆ ಸಿಟ್ಟಿತ್ತು ಅನ್ನಿಸಿತು. ಗೆಳತಿಯರ ಜೊತೆ ಆಗುತ್ತದೆ, ನಮ್ಮ ಜೊತೆ ಆಗಲ್ವಾ ಅಂತ. ಹೌದು, ಆಗಲ್ಲ. ಅಲ್ಲಿ 14 ಕಿಲೋಮೀಟರ್ ಅನ್ನೋದು ಮಾತಾಡಲು ಸಿಕ್ಕ ಐದು ಗಂಟೆ. ಗುಡ್ಡ ನೆಪ. ನಿಮ್ಮ ಜೊತೆ ಗುಡ್ಡವೇ ವಿಷಯ, ಅವಳು ನೆಪ. ‘ಅಲ್ನೋಡು ಎಷ್ಟು ಚಂದ’ ಅಂತ ನೀವು ಹೇಳುತ್ತೀರಿ, ಅವಳ ಮುಖ ಅರಳಿತಾ ಅಂತ ತಿರುಗಿ ನೋಡುತ್ತೀರಿ. ಅರಳದಿದ್ದರೆ ನಿಮ್ಮ ಮುಖ ಬಾಡುತ್ತದೆ. ಹದಿನಾರರ ಹುಡುಗಿಗೆ ಇದು ಪರೀಕ್ಷೆ ಬರೆದಂತೆ. ಊರಲ್ಲಂತೂ ಪರೀಕ್ಷೆಗೆ ಕೊನೆಯೇ ಇಲ್ಲ. ಬಂದ ನೆಂಟರೆಲ್ಲ ‘ಕನ್ನಡ ಬರ್ತದಾ ಕೂಸೇ?’, ‘ಎಷ್ಟು ಸೊರಗಿದ್ಯೆ!’, ‘ಮುಂದೆ ಏನು ಓದ್ತೆ?’ ಅಂತ ಕೇಳುತ್ತಲೇ ಇರುತ್ತಾರೆ. ಇಯರ್‌ಫೋನು ಅವಳ ಪಾಲಿನ ಕೋಣೆಯ ಬಾಗಿಲು. ಬಾಗಿಲು ಒಡೆದು ಒಳಗೆ ಹೋಗಬೇಡಿ, ತಟ್ಟಿ.

ಇನ್ನೊಂದು ಕಾರಣ ಇರಬಹುದು. ಅದನ್ನು ಅವಳು ಅಪ್ಪನಿಗೆ ಹೇಳುವುದಿಲ್ಲ. ಕೆಲವು ವರ್ಷದ ಹಿಂದೆ ಹತ್ತು ಹನ್ನೆರಡು ಮಕ್ಕಳನ್ನು ಕಟ್ಟಿಕೊಂಡು ನಾನು ಕಾಡಿನ ನಡಿಗೆಗೆ ಹೋಗಿದ್ದೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹದಿನೈದರ ಒಂದು ಹುಡುಗಿ ಕಣ್ಣು ಕತ್ತಲೆ ಬಂದು ಕುಸಿದಳು. ಅವಳ ಬಾಟಲಿ ನೋಡಿದರೆ ನೀರು ತುಂಬಿದ್ದು ತುಂಬಿದಂತೆ ಇತ್ತು. ಬೆಳಗಿನಿಂದ ಒಂದು ಗುಟುಕೂ ಕುಡಿದಿಲ್ಲ. ಕುಡಿದರೆ ಎಲ್ಲಿಗೆ ಹೋಗೋದು? ಮರದ ಮರೆಗೆ ಹೋಗಲು ನಾಚಿಕೆ, ಜೊತೆಗೆ ಹುಡುಗರು, ಮುಟ್ಟಿನ ಎರಡನೇ ದಿನ ಬೇರೆ. ಮಕ್ಕಳ ವೈದ್ಯನಾಗಿ ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ. ಆವತ್ತಿನಿಂದ ದಾರಿ ಗೊತ್ತು ಮಾಡುವಾಗ ನಾನು ಮೊದಲು ನೋಡೋದು ಜಲಪಾತ ಎಲ್ಲಿದೆ ಅಂತಲ್ಲ, ಶೌಚಾಲಯ ಎಲ್ಲಿದೆ ಅಂತ. ಟೆಂಟಿನ ರಾತ್ರಿ ಅಂದ ಕೂಡಲೇ ನಿಮ್ಮ ಮಗಳು ಮುಖ ತಿರುಗಿಸಿದ್ದು ಇದಕ್ಕೇ ಇರಬಹುದು. ಅವಳ ಅಮ್ಮ ಕೇಳಲಿ. ನೀವು ಆಗ ಬೇರೆ ಕೋಣೆಯಲ್ಲಿರಿ.

ಒತ್ತಾಯ ಮಾಡಿದರೆ ಏನಾಗುತ್ತದೆ? ಮಕ್ಕಳು ಬರುತ್ತಾರೆ. ಅದೇ ಸಮಸ್ಯೆ. ಸಿಟ್ಟಿನಲ್ಲಿ ನಡೆಯುವ ಮಗು ಒಂದೋ ತುಂಬ ಮುಂದೆ ಹೋಗುತ್ತದೆ, ಇಲ್ಲ ತುಂಬ ಹಿಂದೆ ಉಳಿಯುತ್ತದೆ. ನನ್ನ ಮಗ ಹದಿನಾಲ್ಕರಲ್ಲಿದ್ದಾಗ ಹೀಗೇ ಎಳೆದುಕೊಂಡು ಯಾಣಕ್ಕೆ ಹೋಗಿದ್ದೆ. ದಾರಿಯುದ್ದಕ್ಕೂ ಭಸ್ಮಾಸುರನ ಕಥೆ, ಮೋಹಿನಿಯ ಕಥೆ, ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಅಂತ ಪಾಠ ಮಾಡಿದೆ. ಅವನು ಮಾತಾಡದೆ ದಾಪುಗಾಲು ಹಾಕಿ ಮುಂದೆ ಹೋದ. ಕವಲು ಬಂದಲ್ಲಿ ತಪ್ಪು ದಾರಿ ಹಿಡಿದ. ನಲವತ್ತು ನಿಮಿಷ ನಾನು ಕಾಡಿನಲ್ಲಿ ಅವನ ಹೆಸರು ಕೂಗುತ್ತಾ ಓಡಿದ್ದು ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಸಿಕ್ಕಿದಾಗ ಒಂದು ಮನೆಯ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದ. ‘ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ’ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ. ಅವನು ಈಗ ದೊಡ್ಡವನಾಗಿದ್ದಾನೆ. ಆವತ್ತು ಸೊಕ್ಕಿದ್ದದ್ದು ಯಾರಿಗಪ್ಪಾ ಅಂತ ಈಗಲೂ ಕಾಲೆಳೆಯುತ್ತಾನೆ. ಮುರಕಲ್ಲಿನ ದಿಬ್ಬದ ಅಂಚಿನಲ್ಲಿ, ಕೆಳಗೆ ಸಮುದ್ರ ಇರುವಲ್ಲಿ, ಇಂಥ ಸಿಟ್ಟಿನ ನಡಿಗೆ ನನಗೆ ಇಷ್ಟವಿಲ್ಲ.

ಡ್ರೋನ್ ಬೇಡವೇ ಬೇಡ. ಲಂಚದ ವಿಷಯ ಆಮೇಲೆ. 2022ರಿಂದ ಡ್ರೋನ್ ಆಮದಿಗೆ ಭಾರತದಲ್ಲಿ ನಿಷೇಧ ಇದೆ, ವಿಮಾನ ನಿಲ್ದಾಣದಲ್ಲೇ ಕೈತಪ್ಪುತ್ತದೆ. ಕಾರವಾರದಲ್ಲಿ ನೌಕಾನೆಲೆ ಇದೆ, ಆ ಕಡೆ ಹಾರಿಸಿದರೆ ರಜೆ ಪೊಲೀಸ್ ಠಾಣೆಯಲ್ಲಿ ಕಳೆಯಬೇಕಾದೀತು. ಫೋನನ್ನೂ ಕಿತ್ತುಕೊಳ್ಳಬೇಡಿ. ಅದರಲ್ಲಿ ನಕ್ಷೆ ಇದೆ, ಕ್ಯಾಮೆರಾ ಇದೆ, ತುರ್ತಿಗೆ ಬೇಕು. ಉಂಚಳ್ಳಿ, ಯಾಣದ ಕಡೆ ಹೇಗೂ ಸಿಗ್ನಲ್ ಬಂದು ಬಂದು ಹೋಗುತ್ತದೆ. ನಿಮ್ಮ ಕೆಲಸ ಕಾಡೇ ಮಾಡಿಕೊಡುತ್ತದೆ, ನೀವ್ಯಾಕೆ ವಿಲನ್ ಆಗಬೇಕು?

ಹಾಗಾದರೆ ಏನು ಮಾಡಬಹುದು?

ನನ್ನ ಮೊದಲ ಆಯ್ಕೆ ನಿಮಗೆ ವಿಚಿತ್ರ ಅನ್ನಿಸಬಹುದು. ಮಕ್ಕಳನ್ನು ಅಜ್ಜನ ಮನೆಯಲ್ಲಿ ಬಿಡಿ. ರಜೆಯ ಎರಡನೇ ವಾರ ನೀವಿಬ್ಬರೇ ಕುಮಟಾದಿಂದ ಗೋಕರ್ಣಕ್ಕೆ ನಡೆಯಿರಿ. ಆ ದಾರಿ ನಿಮಗೆ ಬೇಕಿದೆ, ಅದನ್ನು ಮಕ್ಕಳ ಹೆಸರಿನಲ್ಲಿ ಯಾಕೆ ಕೇಳುತ್ತೀರಿ? ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆ ದಿನ ಬಿಟ್ಟು ನೋಡಿ. ಎಲ್ಲೆಂದರಲ್ಲಿ ಟೆಂಟ್ ಹಾಕಲು ಈಗ ಬಿಡುವುದಿಲ್ಲ, ಮೊದಲೇ ವಿಚಾರಿಸಿ ರೂಮು ಹಿಡಿಯಿರಿ. ಇದರಲ್ಲಿ ಅಪಾಯ ಇಲ್ಲ ಅಂತಲ್ಲ. ಮನೆಯಲ್ಲಿ ಉಳಿದ ಮಕ್ಕಳು ರಾತ್ರಿ ಮೂರರವರೆಗೆ ಫೋನು ಹಿಡಿದು ಕೂತರೆ ದೇಹದ ಗಡಿಯಾರ ಜರ್ಮನಿಯಲ್ಲೇ ಉಳಿಯುತ್ತದೆ. ಅಜ್ಜಿ ಅವರ ಹಿಂದೆ ಕುಡಿಯಲು ಆಸರಿ, ತಿಂಡಿ ಅಂತ ಓಡಾಡಿ ಸುಸ್ತಾಗುತ್ತಾರೆ. ಹಾಗಾಗಿ ಹೋಗುವ ಮುಂಚೆ ಅವರಿಗೆ ಒಂದು ಕೆಲಸ ಒಪ್ಪಿಸಿ.

ಕೆಲಸ ಹುಡುಕಬೇಕಿಲ್ಲ. ಡಿಸೆಂಬರ್ ಅಂದರೆ ಕೊನೆಕೊಯ್ಲು, ಅಡಿಕೆ ಗೊನೆ ಇಳಿಸುವ ಕಾಲ. ಕೊನೆಗಾರ ಮರದಿಂದ ಮರಕ್ಕೆ ದಾಟೋದನ್ನು ನೋಡಿದ ಹದಿಮೂರರ ಹುಡುಗ ಅರ್ಧ ಗಂಟೆ ಫೋನು ಮರೆಯುತ್ತಾನೆ, ಇದು ನಾನು ಕಣ್ಣಾರೆ ಕಂಡದ್ದು. ಆಮೇಲೆ ಅಜ್ಜ ತೋಟಕ್ಕೆ ಸೊಪ್ಪು ತರಲು ಸೊಪ್ಪಿನ ಬೆಟ್ಟಕ್ಕೆ ಹೊರಡುತ್ತಾರೆ. ಕತ್ತಿ ಹಿಡಿದು ಅಜ್ಜ ಮುಂದೆ, ಮಕ್ಕಳು ಹಿಂದೆ. ಅದಕ್ಕೆ ಯಾರೂ ಚಾರಣ ಅಂತ ಹೆಸರಿಡುವುದಿಲ್ಲ, ಎಷ್ಟು ಕಿಲೋಮೀಟರ್ ಅಂತ ಎಣಿಸುವುದಿಲ್ಲ. ಆದರೆ ಗುಡ್ಡ ಹತ್ತಿ ಇಳಿದಿರುತ್ತಾರೆ. ಅಜ್ಜನ ಜೊತೆ ಹೋಗೋದರಲ್ಲಿ ಪರೀಕ್ಷೆ ಇಲ್ಲ. ಅಜ್ಜನಿಗೆ ಅವರ ಮುಖ ಅರಳಬೇಕಾಗಿಲ್ಲ, ಹೊರೆ ಕಟ್ಟಲು ಬಳ್ಳಿ ಹಿಡಿದುಕೊಂಡರೆ ಸಾಕು.

ಎಲ್ಲರೂ ಒಟ್ಟಿಗೆ ನಡೆಯಲೇಬೇಕು ಅನ್ನುವ ಆಸೆ ಇದ್ದರೆ ಪಟ್ಟಿ ಹರಿದು ಹಾಕಿ ಒಂದೇ ಒಂದು ಹೊಳೆ ಹಿಡಿಯಿರಿ. ಅಘನಾಶಿನಿ ಶಿರಸಿಯಲ್ಲೇ, ಶಂಕರಹೊಂಡದ ಹತ್ತಿರ ಹುಟ್ಟುತ್ತದೆ. ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕುತ್ತದೆ. ನಮ್ಮವರು ಕೆಪ್ಪಜೋಗ ಅನ್ನೋದು ಇದಕ್ಕೇ, ಅದರ ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ. ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲದೆ ಹರಿದು ಕುಮಟಾ ತಾಲೂಕಿನ ಅಘನಾಶಿನಿ ಊರಿನಲ್ಲಿ ಸಮುದ್ರ ಸೇರುತ್ತದೆ. ಮೂರು ಅರ್ಧ ದಿನ, ನಡುವೆ ಬಿಡುವು. ಒಂದು ದಿನ ಹುಟ್ಟುವ ಜಾಗ. ಅದು ಹತ್ತು ನಿಮಿಷದ್ದು, ಆಮೇಲೆ ಪೇಟೆಯಲ್ಲಿ ಐಸ್‌ಕ್ರೀಮ್. ಇನ್ನೊಂದು ದಿನ ಉಂಚಳ್ಳಿ. ಮೆಟ್ಟಿಲಿಳಿದು ವೀಕ್ಷಣೆಯ ಕಟ್ಟೆಗೆ ಹೋಗಿ ಬರೋದು. ಮಗನ ಮಂಡಿಗೆ ಇಳಿಯುವಾಗ ಅಷ್ಟೇ ತೊಂದರೆ, ನಿಧಾನ ಹೋಗಲಿ. ಮೂರನೆಯದು ನನ್ನ ಇಷ್ಟದ್ದು. ಅಘನಾಶಿನಿ ಊರಿನಿಂದ ತದಡಿಗೆ ದೋಣಿ ದಾಟೋದು. ಬೈಕು, ಮೀನು ಬುಟ್ಟಿ, ಶಾಲೆ ಮಕ್ಕಳು ಎಲ್ಲ ಒಂದೇ ದೋಣಿಯಲ್ಲಿ. ನೀರು ಇಳಿದ ಹೊತ್ತಿಗೆ ಹೋದರೆ ಕೆಸರಿನಲ್ಲಿ ಬಳಚು (ಚಿಪ್ಪುಮೀನು) ಆರಿಸುವವರು ಸಿಗುತ್ತಾರೆ. ತದಡಿಯಿಂದ ಬೇಲೆಕಾನಿಗೆ ಆಟೋ ಹಿಡಿಯಿರಿ. ಅಲ್ಲಿಂದ ಗುಡ್ಡ ದಾಟಿ ಪ್ಯಾರಡೈಸ್, ಹಾಫ್‌ಮೂನ್, ಓಂ ಬೀಚು. ಎರಡು ಮೂರು ಗಂಟೆ ಸಾಕು, ಮಧ್ಯಾಹ್ನ ಮೂರೂವರೆ ಮೇಲೆ ಹೊರಡಿ. ಪ್ಯಾರಡೈಸಿಗೆ ವಾಹನದ ದಾರಿ ಇಲ್ಲ, ಆದರೆ ಈ ಕಾಲದಲ್ಲಿ ದೋಣಿಗಳು ಓಡಾಡುತ್ತವೆ. ‘ಸಾಕಾದರೆ ಇಲ್ಲಿಂದ ದೋಣಿ ಹತ್ತಬಹುದು’ ಅಂತ ಮಕ್ಕಳಿಗೆ ಮೊದಲೇ ಹೇಳಿ. ಬಾಗಿಲು ತೆರೆದಿದೆ ಅಂತ ಗೊತ್ತಿದ್ದವರು ಸಾಮಾನ್ಯವಾಗಿ ಎದ್ದು ಹೋಗುವುದಿಲ್ಲ. ಕತ್ತಲು ಆರೂಕಾಲಿಗೇ ಇಳಿಯುತ್ತದೆ, ಒಂದು ಟಾರ್ಚ್ ಇರಲಿ.

ದಾರಿ ನೋಡುವ ಕೆಲಸ ಮಗಳದ್ದಾಗಲಿ. ನಕ್ಷೆ ಡೌನ್‌ಲೋಡ್ ಮಾಡಿಕೊಂಡು ಅವಳು ಮುಂದೆ, ನೀವು ಹಿಂದೆ. ಅವಳು ತಪ್ಪು ತಿರುವು ತೆಗೆದುಕೊಂಡಾಗ ನಿಮಗೆ ಗೊತ್ತಾಗುತ್ತದೆ, ನೀವು ಹುಟ್ಟಿದ ಊರಲ್ವಾ. ಅಪಾಯ ಇಲ್ಲದ ತಪ್ಪಾದರೆ ಬಾಯಿ ಮುಚ್ಚಿಕೊಂಡಿರಿ. ಇದು ನಾನು ಹೇಳಿದ್ದರಲ್ಲೆಲ್ಲ ಕಷ್ಟದ್ದು.

ಘಟ್ಟ ಇಳಿಯೋದೇ ಬೇಡ, ಜನಜಂಗುಳಿಯೂ ಬೇಡ ಅನ್ನಿಸಿದರೆ ಸಹಸ್ರಲಿಂಗ ಇದೆ, ಶಾಲ್ಮಲೆಯ ಕಲ್ಲುಗಳ ಮೇಲೆ ಹಾರಾಡಿಕೊಂಡು ಬರಬಹುದು. ಕಾರವಾರದ ಕಡೆ ನೆಂಟರಿದ್ದರೆ ಮಾಜಾಳಿಯಿಂದ ದಿಬ್ಬ ದಾಟಿ ತೀಳ್ಮಾತಿಗೆ ಹೋಗಿ. ಕೊಂಕಣಿಯಲ್ಲಿ ತೀಳ ಅಂದರೆ ಎಳ್ಳು. ಮರಳು ಕರಿ ಎಳ್ಳಿನ ಹಾಗೇ ಇರುತ್ತದೆ. ಹುಡುಗ ಜೇಬು ತುಂಬ ತರುತ್ತಾನೆ, ಬಟ್ಟೆ ಒಗೆಯುವವರು ಬೈಯುತ್ತಾರೆ.

ನೀರಿನ ಬಗ್ಗೆ ಎರಡು ಮಾತು. ಜರ್ಮನಿಯಲ್ಲಿ ಮಕ್ಕಳಿಗೆ ಈಜು ಕಲಿಸಿ ಬ್ಯಾಡ್ಜು ಕೊಡುತ್ತಾರೆ. ಒಳ್ಳೆಯದೇ. ಆದರೆ ಆ ಬ್ಯಾಡ್ಜು ಕೊಳದ್ದು, ಇದು ಕಡಲು. ಗೋಕರ್ಣದ ದಡಗಳಲ್ಲಿ ಚೆನ್ನಾಗಿ ಈಜು ಬರುವವರೇ ಮುಳುಗಿದ್ದಾರೆ. ಜೀವರಕ್ಷಕರು ಇರುವಲ್ಲಿ ಮಾತ್ರ, ಸೊಂಟದ ಮಟ್ಟಕ್ಕೆ ಮಾತ್ರ. ಬಂಡೆಗಳ ನಡುವೆ ಇಳಿಯೋದೇ ಬೇಡ. ಸೆಳೆತ ಒಳಗೆ ಎಳೆದರೆ ದಡದ ಕಡೆ ಹೊಡೆದಾಡಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಕುಡಿಯುವ ನೀರು ಬಿಸಿಲಲ್ಲಿ ಗಂಟೆಗೆ ಅರ್ಧ ಲೀಟರ್. ಓಆರ್‌ಎಸ್ ಪೊಟ್ಟಣ ಇರಲಿ. ಎಳನೀರು, ಉಪ್ಪು ಹಾಕಿದ ಮಜ್ಜಿಗೆ, ಮುರುಗಲು ಪಾನಕ ಇದ್ದಲ್ಲಿ ಅದೇ ಒಳ್ಳೇದು.

ಕಾಡಿಗೆ ಹೋಗುವುದಾದರೆ, ಅಜ್ಜನ ಬೆಟ್ಟಕ್ಕೂ ಸೇರಿ, ಉಣುಗಿನ, ಅಂದರೆ ರಕ್ತ ಹೀರುವ ಉಣ್ಣೆ ಹುಳುವಿನ, ಮಾತು ಹೇಳದೆ ನಾನು ಬಿಡುವಂತಿಲ್ಲ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಇದು ಮೊದಲು ಪತ್ತೆಯಾಯಿತು. ಸಿದ್ದಾಪುರ ತಾಲೂಕಿನಲ್ಲಿ 2024ರಲ್ಲೂ ಜನ ಇದರಿಂದ ನರಳಿದ್ದಾರೆ. ಮಂಗ ಕಚ್ಚಿ ಬರುವ ರೋಗ ಇದಲ್ಲ. ವೈರಸ್ ಇರುವ ಉಣುಗು ಕಚ್ಚಿದರೆ ಬರುತ್ತದೆ. ಮಂಗಗಳೂ ಇದರಿಂದಲೇ ಸಾಯುತ್ತವೆ. ಹಾಗಾಗಿ ಮಂಗ ಸತ್ತಿದೆ ಅಂತ ಸುದ್ದಿ ಇರುವ ಕಾಡಿಗೆ ಹೋಗಬೇಡಿ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಒಂದು ನಿಮಿಷದಲ್ಲಿ ಹೇಳುತ್ತಾರೆ. ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ, ಮೈಗೆ ಉಣುಗು ತಡೆಯುವ ಎಣ್ಣೆ. ದರಕಿನ (ಉದುರಿದ ಒಣ ಎಲೆಗಳ) ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ನೆನೆಹಾಕೋದು, ಕಂಕುಳು, ತೊಡೆಸಂದು, ಕಿವಿ ಹಿಂದೆ ಹುಡುಕೋದು. ಮರಿ ಉಣುಗು ಸಾಸಿವೆಗಿಂತ ಸಣ್ಣದು.

ನಿಮ್ಮ ಮಕ್ಕಳಿಗೆ ಇದು ಅರ್ಥ ಆಗದ್ದೇನಲ್ಲ. ದಕ್ಷಿಣ ಜರ್ಮನಿಯ ಕಾಡುಗಳಲ್ಲೂ ಉಣುಗಿನಿಂದ ಮೆದುಳು ಜ್ವರ ಬರುತ್ತದೆ, ಅಲ್ಲಿ ಅದಕ್ಕೆ ಲಸಿಕೆ ಹಾಕುತ್ತಾರೆ. ಹಾಕಿಸಿರಬಹುದು ನೀವು. ವೈರಸ್ಸು ಒಂದೇ ಕುಟುಂಬದ್ದಾದರೂ ಆ ಲಸಿಕೆಯನ್ನು ಇಲ್ಲಿ ನೆಚ್ಚಿಕೊಳ್ಳಬೇಡಿ. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತದೆ. ಅಷ್ಟರಲ್ಲಿ ನೀವು ಸ್ಟುಟ್‌ಗಾರ್ಟಿನಲ್ಲಿ ಇರಬಹುದು. ಅಲ್ಲಿನ ವೈದ್ಯರು ಜನವರಿಯಲ್ಲಿ ಜ್ವರ ನೋಡಿದರೆ ಫ್ಲೂ ಅಂದುಕೊಳ್ಳುತ್ತಾರೆ. ‘ಪಶ್ಚಿಮ ಘಟ್ಟದ ಕಾಡಿಗೆ ಹೋಗಿದ್ದೆವು, ಕ್ಯಾಸನೂರು ಫಾರೆಸ್ಟ್ ಡಿಸೀಸ್ ಇರುವ ಜಾಗ’ ಅಂತ ನೀವೇ ಹೇಳಬೇಕು. ಡೆಂಗಿ, ಮಲೇರಿಯಾ ಕೂಡ ನೋಡಿ ಅನ್ನಿ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ರಕ್ತಸ್ರಾವದ ಭಯ ಇರುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.

ಇಷ್ಟು ಓದಿ ಕಾಡೇ ಬೇಡ ಅನ್ನಬೇಡಿ. ನಾನು ವಾರಕ್ಕೊಮ್ಮೆ ಹೋಗುತ್ತೇನೆ, ಇನ್ನೂ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದೇನೆ.

ಕೊನೆಗೆ, ಶಿರಸಿಗೆ ಬಂದಾಗ ಮಗನನ್ನು ಒಮ್ಮೆ ಕರೆದುಕೊಂಡು ಬನ್ನಿ. ಮಂಡಿ ನೋಡಲು ಹತ್ತು ನಿಮಿಷ ಸಾಕು. ಬರುವಾಗ ಅವನು ಫೆಲ್ಡ್‌ಬರ್ಗಿಗೆ ಹಾಕಿದ್ದ ಶೂಗಳನ್ನೇ ಹಾಕಿಕೊಂಡು ಬರಲಿ. ಈ ವಯಸ್ಸಿನ ಹುಡುಗರ ಪಾದ ವರ್ಷದಲ್ಲಿ ಎರಡು ಸೈಜು ಬೆಳೆದರೂ ಹೇಳುವುದಿಲ್ಲ, ಅದನ್ನೂ ನೋಡಿಬಿಡೋಣ.